ಹುಟ್ಟುಗುಣ ಮತ್ತು ಕೃಪೆ

ಮನುಷ್ಯ ಬದಲಾಗುವುದಿಲ್ಲ ಎಂದು ಹೇಳುವುದಕ್ಕೆ ನಮ್ಮ ಕನ್ನಡದಲ್ಲಿ ಗಾದೆಗಳಿಗೇನೂ ಬರವಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು. ನಾಯಿಯ ಬಾಲ ಎಂದಿದ್ದರೂ ಡೊಂಕು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಬದಲಾಗುತ್ತಾನೆ ಎನ್ನುವ ಗಾದೆಯೊಂದನ್ನು ಹೇಳಿ ಎಂದರೆ ಮಾತ್ರ ನಾನು ಸ್ವಲ್ಪ ಹೊತ್ತು ಯೋಚಿಸಬೇಕಾಗುತ್ತದೆ. ಈ ಗಾದೆಗಳನ್ನು ಕಟ್ಟಿದವರಲ್ಲಿ ಹೆಂಗಸರೇ ಹೆಚ್ಚಿದ್ದರೇನೋ ಎಂದು ನನಗೊಂದು ಅನುಮಾನ. ‘ನಾಳೆಯಿಂದ ಮುಟ್ಟುವುದಿಲ್ಲ’ ಎಂಬ ಆಣೆಯನ್ನು ವರ್ಷಕ್ಕೆ ಇಪ್ಪತ್ತು ಸಲ ಕೇಳಿದ ಹೆಂಡತಿಗೆ, ‘ಇನ್ನು ಮೇಲೆ ನೆಟ್ಟಗಿರುತ್ತೇನಮ್ಮಾ’ ಎಂಬ ಮಾತಿಗೆ ಕೊರಳಿನ ಸರ ಬಿಚ್ಚಿಕೊಟ್ಟ ತಾಯಿಗೆ, ಇಂಥ ಗಾದೆ ತಾನಾಗಿಯೇ ಬಾಯಿಗೆ ಬಂದಿರುತ್ತದೆ.

ನಾನು ಹುಟ್ಟಿ ಬೆಳೆದದ್ದು ಕ್ರೈಸ್ತ ಮನೆತನದಲ್ಲಿ. ಅಲ್ಲಿ ಭಾನುವಾರ ಭಾನುವಾರ ಕೇಳಿದ್ದು ಈ ಗಾದೆಗಳಿಗೆ ತದ್ವಿರುದ್ಧವಾದ ಮಾತು. ಎಂಥ ಪಾಪಿಯಾದರೂ ಬದಲಾಗಬಲ್ಲ; ಅವನು ಒಳ್ಳೆಯವನಾದ ಮೇಲೆ ದೇವರು ಪ್ರೀತಿಸುತ್ತಾನೆ ಎಂದಲ್ಲ, ಕೆಟ್ಟವನಾಗಿರುವಾಗಲೇ ಪ್ರೀತಿಸುತ್ತಾನೆ; ಆ ಪ್ರೀತಿಗೆ ಕೃಪೆ ಎಂದು ಹೆಸರು. ಉಜ್ಜೀವನ ಕೂಟಗಳಲ್ಲಿ ಗಂಡಸರು ಎದ್ದು ನಿಂತು ಸಾಕ್ಷಿ ಹೇಳುತ್ತಿದ್ದರು. ಇಂಥ ವರ್ಷ, ಇಂಥ ತಾರೀಖು, ರಾತ್ರಿ ಇಷ್ಟು ಗಂಟೆಗೆ ಯೇಸು ನನ್ನನ್ನು ಮುಟ್ಟಿದ, ಅಂದಿನಿಂದ ನಾನು ಹೊಸ ಮನುಷ್ಯ ಎಂದು. ಸಭೆಯೆಲ್ಲ ‘ಹಲ್ಲೆಲೂಯ’ ಎನ್ನುತ್ತಿತ್ತು. ನಾನು ಹುಡುಗಿಯಾಗಿದ್ದಾಗ ಹೆಂಗಸರ ಸಾಲಿನಲ್ಲಿ ಕೂತು, ಸಾಕ್ಷಿ ಹೇಳುವವರ ಮುಖಕ್ಕಿಂತ ಅವರ ಹೆಂಡತಿಯರ ಮುಖವನ್ನೇ ಹೆಚ್ಚು ನೋಡುತ್ತಿದ್ದೆ. ಅವರು ಸಾಮಾನ್ಯವಾಗಿ ತಲೆ ತಗ್ಗಿಸಿ ಸೆರಗಿನ ಅಂಚನ್ನು ಮಡಚುತ್ತಾ ಕೂತಿರುತ್ತಿದ್ದರು.

ಗಾದೆ ನಿಜವೋ, ಸಾಕ್ಷಿ ನಿಜವೋ? ಈ ಪ್ರಶ್ನೆ ನನ್ನ ಜೊತೆಯಲ್ಲೇ ಬೆಳೆದು ದೊಡ್ಡದಾಗಿದೆ. ಈಗ ಅನ್ನಿಸುವುದು, ಎರಡೂ ಆತುರದ ಮಾತುಗಳು. ಒಂದು ಬದಲಾವಣೆ ಇಲ್ಲವೇ ಇಲ್ಲ ಎನ್ನುತ್ತದೆ, ಇನ್ನೊಂದು ಬದಲಾವಣೆ ಮುಗಿದೇ ಹೋಯಿತು ಎನ್ನುತ್ತದೆ. ನಿಜ ಇವೆರಡರ ನಡುವೆ ಎಲ್ಲೋ, ಬಹಳ ನಿಧಾನವಾಗಿ ನಡೆಯುತ್ತಿರುತ್ತದೆ.

‘ಅಮೇಜಿಂಗ್ ಗ್ರೇಸ್’ ಎಂಬ ಇಂಗ್ಲಿಷ್ ಕೀರ್ತನೆಯನ್ನು ನಿಮ್ಮಲ್ಲಿ ಅನೇಕರು ಕೇಳಿರಬಹುದು. ಕಾನ್ವೆಂಟಿನಲ್ಲಿ ಓದಿದವರು ಹಾಡಿಯೂ ಇರಬಹುದು. ಅದನ್ನು ಬರೆದ ಜಾನ್ ನ್ಯೂಟನ್ ಹುಟ್ಟಿದ್ದು ಲಂಡನ್ನಿನಲ್ಲಿ, 1725ರಲ್ಲಿ. ಏಳು ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡಳು. ತಂದೆ ಹಡಗಿನ ಕಪ್ತಾನ. ಮಗನೂ ಚಿಕ್ಕಂದಿನಲ್ಲೇ ಸಮುದ್ರಕ್ಕೆ ಬಿದ್ದ. ನೌಕಾಪಡೆಯವರು ಬಲವಂತವಾಗಿ ಹಿಡಿದೊಯ್ದರು, ಓಡಿಹೋಗಲು ನೋಡಿ ಸಿಕ್ಕಿಬಿದ್ದು ಚಾವಟಿ ಏಟು ತಿಂದ, ಆಮೇಲೆ ಆಫ್ರಿಕದ ಪಶ್ಚಿಮ ಕರಾವಳಿಯಲ್ಲಿ ಗುಲಾಮರ ವ್ಯಾಪಾರಿಯೊಬ್ಬನ ಕೈಕೆಳಗೆ ತಾನೇ ಗುಲಾಮನಂತೆ ಹಸಿದು ಬಳಲಿದ. ಬಾಯಿ ತೆರೆದರೆ ದೇವದೂಷಣೆ. 1748ರ ಮಾರ್ಚ್ ತಿಂಗಳಲ್ಲಿ ಊರಿಗೆ ಮರಳುವಾಗ ಹಡಗು ಬಿರುಗಾಳಿಗೆ ಸಿಕ್ಕಿತು. ಒಡೆದ ಹಡಗಿನಿಂದ ನೀರು ಎತ್ತಿ ಹಾಕುತ್ತಾ, ಬದುಕುವ ಆಸೆ ಬಿಟ್ಟ ಹೊತ್ತಿನಲ್ಲಿ ಅವನ ಬಾಯಿಂದ ದೇವರ ಹೆಸರು ಬಂತು. ಆ ದಿನವನ್ನು ಅವನು ಕೊನೆಯವರೆಗೂ ಪ್ರತಿ ವರ್ಷ ನೆನೆಯುತ್ತಿದ್ದ.

ಉಪದೇಶಗಳಲ್ಲಿ ಕಥೆ ಇಲ್ಲಿಗೇ ನಿಲ್ಲುತ್ತದೆ. ಬಿರುಗಾಳಿ, ಪ್ರಾರ್ಥನೆ, ಹೊಸ ಮನುಷ್ಯ, ಕೀರ್ತನೆ. ಆದರೆ ಇಸವಿಗಳನ್ನು ಒಂದರ ಕೆಳಗೊಂದು ಬರೆದು ನೋಡಿದರೆ ಎದೆ ಧಸಕ್ ಎನ್ನುತ್ತದೆ. ಬಿರುಗಾಳಿಯ ಎರಡು ವರ್ಷದ ಮೇಲೆ, 1750ರಲ್ಲಿ, ಅವನು ಬಹುಕಾಲದಿಂದ ಪ್ರೀತಿಸಿದ ಮೇರಿ ಕ್ಯಾಟ್ಲೆಟ್ಟಳನ್ನು ಮದುವೆಯಾದ. ಅದೇ ವರ್ಷ ಗುಲಾಮರನ್ನು ಸಾಗಿಸುವ ಹಡಗಿಗೆ ಕಪ್ತಾನನಾದ. 1754ರವರೆಗೆ ಮೂರು ಯಾನಗಳನ್ನು ಮಾಡಿದ. ಮೇಲ್ತಟ್ಟಿನಲ್ಲಿ ನಾವಿಕರನ್ನು ಸೇರಿಸಿ ಪ್ರಾರ್ಥನೆ ನಡೆಸುತ್ತಿದ್ದ, ಬೈಬಲ್ ಓದುತ್ತಿದ್ದ, ಹೆಂಡತಿಗೆ ಪ್ರೀತಿ ಉಕ್ಕುವ ಕಾಗದಗಳನ್ನು ಬರೆಯುತ್ತಿದ್ದ. ಅವನ ಕಾಲಕೆಳಗೆ, ಹಡಗಿನ ಹೊಟ್ಟೆಯಲ್ಲಿ, ಸರಪಳಿ ತೊಟ್ಟ ಮನುಷ್ಯರು ಒಬ್ಬರಿಗೊಬ್ಬರು ಒತ್ತಿಕೊಂಡು ಬಿದ್ದಿರುತ್ತಿದ್ದರು. ದಂಗೆಯ ಸಂಚು ನಡೆದಿದೆ ಎಂಬ ಗುಮಾನಿಯ ಮೇಲೆ ಹುಡುಗರ ಹೆಬ್ಬೆರಳಿಗೆ ತಿರುಪು ಹಾಕಿ ಬಾಯಿಬಿಡಿಸಿದ್ದನ್ನು ಅವನೇ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಅವನಿಗೆ ಅದು ತಪ್ಪೆಂದು ಆಗ ಹೊಳೆಯಲೇ ಇಲ್ಲ! ಕೆಲಸ ಬಿಟ್ಟದ್ದೂ ಮನಸ್ಸು ಕರಗಿದ್ದರಿಂದ ಅಲ್ಲ, ದಿಢೀರನೆ ಬಂದ ಕಾಯಿಲೆಯಿಂದ.

1764ರಲ್ಲಿ ಅವನು ಆಲ್ನಿ ಎಂಬ ಊರಿನಲ್ಲಿ ಸಭಾಪಾಲಕನಾದ. ಅಲ್ಲಿಯ ಹೆಂಗಸರು ಲೇಸು ಹೆಣೆದು ಹೊಟ್ಟೆ ಹೊರೆಯುವ ಬಡವರು. 1773ರ ಹೊಸವರ್ಷದ ದಿನದ ಆರಾಧನೆಗೆಂದು ಆ ಪ್ರಸಿದ್ಧ ಕೀರ್ತನೆಯನ್ನು ಬರೆದ. ಬಿರುಗಾಳಿಯಾಗಿ ಆಗಲೇ 25 ವರ್ಷ. ಆದರೂ ಗುಲಾಮರ ವ್ಯಾಪಾರದ ವಿರುದ್ಧ ಒಂದು ಮಾತೂ ಬಹಿರಂಗವಾಗಿ ಅವನಿಂದ ಹೊರಟಿರಲಿಲ್ಲ. 1785ರಲ್ಲಿ ವಿಲಿಯಂ ವಿಲ್ಬರ್‌ಫೋರ್ಸ್ ಎಂಬ ತರುಣ ಪಾರ್ಲಿಮೆಂಟ್ ಸದಸ್ಯ ಗೊಂದಲದಲ್ಲಿ ಅವನ ಬಳಿ ಬಂದಾಗ, ರಾಜಕೀಯ ಬಿಡಬೇಡ, ಅಲ್ಲಿದ್ದುಕೊಂಡೇ ದೇವರ ಕೆಲಸ ಮಾಡು ಎಂದ. ಕೊನೆಗೆ 1788ರಲ್ಲಿ, ಹಡಗಿನ ಕೆಲಸ ಬಿಟ್ಟು 34 ವರ್ಷವಾದ ಮೇಲೆ, ಆ ವ್ಯಾಪಾರದ ಕುರಿತು ಕಿರುಹೊತ್ತಗೆಯೊಂದನ್ನು ಅಚ್ಚು ಹಾಕಿಸಿ, ತಾನು ಕಂಡದ್ದನ್ನೂ ಮಾಡಿದ್ದನ್ನೂ ಹೇಳಿಕೊಂಡ. ತನ್ನ ತಪ್ಪೊಪ್ಪಿಗೆ ಬಹಳ ತಡವಾಗಿ ಬಂತೆಂದು ಅದರಲ್ಲೇ ಒಪ್ಪಿಕೊಂಡ. ಮುಂದೆ ಪಾರ್ಲಿಮೆಂಟಿನ ಸಮಿತಿಯ ಮುಂದೆ ಸಾಕ್ಷಿಯನ್ನೂ ನುಡಿದ. 1807ರ ಮಾರ್ಚಿನಲ್ಲಿ ಬ್ರಿಟನ್ ಗುಲಾಮರ ವ್ಯಾಪಾರವನ್ನು ನಿಷೇಧಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ, 82ರ ವಯಸ್ಸಿನಲ್ಲಿ, ನ್ಯೂಟನ್ ತೀರಿಕೊಂಡ.

ಬಿರುಗಾಳಿಯಿಂದ ಆ ಕಿರುಹೊತ್ತಗೆಗೆ ನಲವತ್ತು ವರ್ಷ. ಇದನ್ನು ನೋಡಿ ‘ಅವನ ಭಕ್ತಿ ಸೋಗು’ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಸೋಗಿನವನಾದರೆ ಅರುವತ್ತು ದಾಟಿದ ಮೇಲೆ, ಗೌರವದ ಸ್ಥಾನದಲ್ಲಿ ಕೂತು, ಎಲ್ಲರೂ ಮರೆತಿದ್ದ ತನ್ನ ಹೊಲಸನ್ನು ತಾನೇ ತೆಗೆದು ತೋರಿಸುತ್ತಿರಲಿಲ್ಲ. ಆದರೆ ನಂಬಿಕೆ ಬಂದೊಡನೆ ಕಣ್ಣು ತೆರೆಯುತ್ತದೆ ಎಂಬ ಮಾತನ್ನು ಮಾತ್ರ ಇವನ ಬಾಳು ಸುಳ್ಳು ಮಾಡುತ್ತದೆ. ಮೊದಲು ಬೈಗುಳ ಹೋಯಿತು, ಆಮೇಲೆ ಕುಡಿತ ಹೋಯಿತು. ಇವು ತನಗೇ ಕೆಟ್ಟದೆಂದು ಕಾಣುತ್ತಿದ್ದ ದೋಷಗಳು. ಊರಿಗೆ ಊರೇ ಸರಿ ಎನ್ನುತ್ತಿದ್ದ, ಕೈತುಂಬ ಹಣ ತರುತ್ತಿದ್ದ, ಮರ್ಯಾದಸ್ಥರ ಉದ್ಯೋಗವೆನಿಸಿದ್ದ ಪಾಪ ಎಲ್ಲಕ್ಕಿಂತ ಕೊನೆಗೆ ಕಂಡಿತು. ನಮ್ಮ ಮನೆಗಳಲ್ಲೂ ಹಾಗೆಯೇ ಅಲ್ಲವೇ? ಸಿಗರೇಟು ಬಿಟ್ಟ ಗಂಡಸಿಗೆ ಹೆಂಡತಿಯ ಸಂಬಳದ ಕವರನ್ನು ತಾನೇ ಒಡೆಯುವುದು ತಪ್ಪೆಂದು ತೋರುವುದಿಲ್ಲ. ಉಪವಾಸ ಹಿಡಿಯುವ ಅತ್ತೆಗೆ ಸೊಸೆ ಹಸಿದಿರುವುದು ಕಾಣುವುದಿಲ್ಲ.

ಬೈಬಲ್ ಕೂಡ ಈ ವಿಷಯದಲ್ಲಿ ನಮ್ಮ ಸಾಕ್ಷಿಕೂಟಗಳಿಗಿಂತ ಪ್ರಾಮಾಣಿಕವಾಗಿದೆ. ಯೇಸುವನ್ನು ಬಂಧಿಸಿದ ರಾತ್ರಿ ಪೇತ್ರನು ಮನೆಗೆಲಸದ ಹುಡುಗಿಯೊಬ್ಬಳ ಮಾತಿಗೆ ಹೆದರಿ, ‘ಅವನನ್ನು ನಾನರಿಯೆ’ ಎಂದು ಮೂರು ಸಲ ಹೇಳಿಬಿಟ್ಟ. ಆಮೇಲೆ ಅತ್ತ, ಕ್ಷಮೆ ಪಡೆದ, ಸಭೆಗೆ ಆಧಾರವಾದ. ಇಷ್ಟು ಎಲ್ಲರಿಗೂ ಗೊತ್ತು. ಗಲಾತ್ಯದವರಿಗೆ ಪೌಲ ಬರೆದ ಕಾಗದದಲ್ಲಿರುವ ಇನ್ನೊಂದು ಸಂಗತಿಯನ್ನು ಉಪದೇಶಗಳಲ್ಲಿ ಅಷ್ಟಾಗಿ ಎತ್ತುವುದಿಲ್ಲ. ಅಂತಿಯೋಕ್ಯದಲ್ಲಿ ಪೇತ್ರ ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಕೂತು ಉಣ್ಣುತ್ತಿದ್ದ. ಯೆರೂಸಲೇಮಿನ ಕಡೆಯಿಂದ ಕೆಲವು ಕಟ್ಟಾ ಜನ ಬಂದದ್ದೇ ತಡ, ಅವರಿಗೆ ಹೆದರಿ ಪಂಕ್ತಿ ಬಿಟ್ಟು ಸರಿದುಬಿಟ್ಟ. ಪೌಲ ಎಲ್ಲರೆದುರಿಗೇ ಅವನನ್ನು ತರಾಟೆಗೆ ತೆಗೆದುಕೊಂಡ. ಪಂಕ್ತಿಭೇದವೆಂದರೇನೆಂದು ನಮಗೆ ಯಾರೂ ವಿವರಿಸಬೇಕಾಗಿಲ್ಲ. ಅಂದು ಹುಡುಗಿಯ ಮುಂದೆ ನಡುಗಿದ ಅದೇ ಭಯ, ಎಷ್ಟೋ ವರ್ಷದ ಮೇಲೆ, ಊಟದ ಮಣೆಯ ಮೇಲೆ ಮತ್ತೆ ಬಂದು ಕೂತಿತ್ತು. ಹುಟ್ಟುಗುಣ! ಗಾದೆ ಪೂರ್ತಿ ಸುಳ್ಳಲ್ಲ. ಆದರೆ ಎದುರಾಎದುರು ಹೇಳುವ ಒಬ್ಬ ಪೌಲ ಇದ್ದ, ಅವನ ಮಾತನ್ನು ಕೇಳಿಸಿಕೊಳ್ಳುವ ಜಾಗದಲ್ಲಿ ಪೇತ್ರನೂ ಇದ್ದ.

ನಾನು ಕಣ್ಣಾರೆ ಕಂಡ ಬದಲಾವಣೆ ನಮ್ಮ ದೊಡ್ಡಪ್ಪನವರದು. ಧಾರವಾಡದ ಕಡೆಯವರು, ರೈಲ್ವೆಯಲ್ಲಿ ನೌಕರಿ. ಸಂಬಳದ ದಿನ ಮನೆಗೆ ಬರುವ ಹೊತ್ತಿಗೆ ಜೇಬು ಅರ್ಧ ಖಾಲಿ. ದೊಡ್ಡಮ್ಮನ ತವರಿನ ಬಳೆ, ಎರಡೆಳೆ ಸರ, ಕೊನೆಗೆ ಹೊಲಿಗೆ ಮಿಷನ್ನು, ಒಂದೊಂದಾಗಿ ಹೋದವು. ಕೈ ಎತ್ತುವುದೂ ಇತ್ತು. ಒಂದು ಉಜ್ಜೀವನ ಕೂಟದಲ್ಲಿ ದೊಡ್ಡಪ್ಪ ಎಲ್ಲರೆದುರು ಗೋಳೋ ಎಂದು ಅತ್ತು ಮುಂದೆ ಹೋದರು. ಸಭೆಯವರು ಮನೆಗೆ ಬಂದು ಹಾಡಿದರು, ಚಹಾ ಕುಡಿದರು, ದೊಡ್ಡಮ್ಮನ ಭಾಗ್ಯವನ್ನು ಹೊಗಳಿದರು. ಮೂರು ವಾರದ ಮೇಲೆ ದೊಡ್ಡಪ್ಪ ಮತ್ತೆ ಕುಡಿದು ಬಂದರು. ಈ ಬಾರಿ ದೊಡ್ಡಮ್ಮ ಬಾಯಿ ಮಾಡಲಿಲ್ಲ. ಎರಡು ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗಿಬಿಟ್ಟರು. ಸಭೆಯ ಹಿರಿಯರು ಹೋಗಿ, ‘ಕ್ಷಮಿಸುವುದು ಕ್ರೈಸ್ತರ ಧರ್ಮ, ತಂಗೀ, ಬಾ’ ಎಂದರು. ಆಕೆ ಹೇಳಿದ ಮಾತು ನಮ್ಮ ಮನೆತನದಲ್ಲಿ ಗಾದೆಯಾಗಿ ಉಳಿದಿದೆ: “ಅವರಿಗೆ ದೇವರ ಮ್ಯಾಲ ನಂಬಿಕಿ ಬಂತು, ಛಲೋ ಆತು. ನನಗ ಅವರ ಮ್ಯಾಲ ನಂಬಿಕಿ ಬರಾಕ ಇನ್ನಾ ಭಾಳ ದಿನ ಬೇಕು.”

ಎರಡು ವರ್ಷ ಆಕೆ ಬರಲಿಲ್ಲ. ದೊಡ್ಡಪ್ಪ ಬೀಳುತ್ತಾ ಏಳುತ್ತಾ ಇದ್ದರು. ಬಿದ್ದ ವಾರವೂ ಭಾನುವಾರ ಚರ್ಚಿಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂರುವುದನ್ನು ಮಾತ್ರ ಬಿಡಲಿಲ್ಲ. ಆಗ ಸಭಾಪಾಲಕರಾಗಿ ಬಂದಿದ್ದವರು ತಿಳಿದವರು. ಅವರನ್ನು ಮತ್ತೆ ಸಾಕ್ಷಿ ಹೇಳಲು ನಿಲ್ಲಿಸಲಿಲ್ಲ. ಸಂಬಳದ ದಿನ ಸಂಜೆ ಸುಮ್ಮನೆ ಸೈಕಲ್ ಹತ್ತಿ ಹೋಗಿ, ಅವರ ಜೊತೆ ಮನೆವರೆಗೆ ನಡೆದು ಬರುತ್ತಿದ್ದರು. ತಿಂಗಳಿಗೊಂದು ಸಂಜೆಯಂತೆ, ಎಷ್ಟು ತಿಂಗಳೋ! ಮೊದಲು ಮನಿಯಾರ್ಡರ್ ತಪ್ಪದೆ ದೊಡ್ಡಮ್ಮನಿಗೆ ಹೋಗತೊಡಗಿತು. ಆಮೇಲೊಂದು ದಿನ ದೊಡ್ಡಪ್ಪ ತಾವೇ ಹೋಗಿ, ಅತ್ತೆಯ ಮನೆಯ ಅಡಿಗೆಮನೆ ಹೊಸ್ತಿಲ ಮೇಲೆ ಕೂತು, ಜೇಬಿನಿಂದ ಒಂದು ಚಿಕ್ಕ ನೋಟ್‌ಬುಕ್ಕು ತೆಗೆದು, “ನಿಂದು ಏನೇನು ಹೋತು ಹೇಳು, ಬರಕೊಳ್ತೀನಿ” ಎಂದರಂತೆ. ಆಕೆ ಹೇಳುತ್ತಾ ಹೋದಳು, ಇವರು ಬರೆಯುತ್ತಾ ಹೋದರು. ಬಳೆ ನಾಲ್ಕು. ಸರ ಒಂದು. ಮಿಷನ್ನು ಒಂದು. ನಿವೃತ್ತಿಯ ಹೊತ್ತಿಗೆ ಆ ಪಟ್ಟಿಯಲ್ಲಿದ್ದದ್ದೆಲ್ಲ ಒಂದೊಂದಾಗಿ ಮನೆ ಸೇರಿತ್ತು. ಕೋಪ ಕೊನೆಯವರೆಗೂ ಇತ್ತು. ಗದರುತ್ತಿದ್ದರು, ತಟ್ಟೆ ಸರಿಸುತ್ತಿದ್ದರು. ಆದರೆ ಕೈ ಮತ್ತೆಂದೂ ಏಳಲಿಲ್ಲ.

‘ವಯಸ್ಸಾಯಿತು, ಮೈ ಸೋತಿತು, ಬಿಟ್ಟ. ಇದರಲ್ಲಿ ದೇವರದೇನು?’ ಎಂದು ನಮ್ಮ ಸಂಬಂಧಿಕರಲ್ಲೇ ಕೆಲವರು ನಗುತ್ತಿದ್ದರು. ನ್ಯಾಯವಾದ ಪ್ರಶ್ನೆಯೇ. ವಯಸ್ಸು ಕೈಯಿಂದ ಸೀಸೆಯನ್ನು ಕಿತ್ತುಕೊಳ್ಳಬಲ್ಲದು, ಒಪ್ಪುತ್ತೇನೆ. ಆದರೆ ಆ ಕೈಗೆ ನೋಟ್‌ಬುಕ್ಕು ಕೊಡುವುದಿಲ್ಲ. ತಾನು ಕಳೆದದ್ದನ್ನು ಕಳೆದುಕೊಂಡವಳ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕೆಂಬ ಬುದ್ಧಿ ಎಲ್ಲಿಂದ ಬಂತು? ಲೂಕನ ಸುವಾರ್ತೆಯ ಜಕ್ಕಾಯನಿಂದ ಎಂದು ದೊಡ್ಡಪ್ಪ ಹೇಳುತ್ತಿದ್ದರು. ಜಕ್ಕಾಯ ಸುಂಕದವನು, ಜನರನ್ನು ಸುಲಿದವನು. ಯೇಸು ಅವನ ಮನೆಗೆ ಊಟಕ್ಕೆ ಹೋಗುತ್ತಾನೆ. ತಿದ್ದಿಕೊಂಡ ಮೇಲೆ ಬರುತ್ತೇನೆ ಎನ್ನುವುದಿಲ್ಲ. ಆದರೆ ಊಟಕ್ಕೆ ಕೂತ ಜಕ್ಕಾಯ ಬರೇ ಅಳಲಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿದವರಿಗೆ ನಾಲ್ಕರಷ್ಟು ಹಿಂತಿರುಗಿಸುತ್ತೇನೆ ಎಂದ. ನನ್ನ ಮಟ್ಟಿಗೆ ಈ ಪ್ರಶ್ನೆಗೆ ಬೀಗದ ಕೈ ಇಲ್ಲಿದೆ. ಕೃಪೆ ಪುಕ್ಕಟೆ, ಆದರೆ ಲೆಕ್ಕ ಚುಕ್ತಾ ಆಗಬೇಕು. 1935ರಲ್ಲಿ ಅಮೆರಿಕದಲ್ಲಿ ಶುರುವಾಗಿ ನಮ್ಮ ಊರುಗಳವರೆಗೂ ಬಂದಿರುವ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಮದ್ಯವ್ಯಸನಿಗಳ ಬಳಗವೂ ಇದನ್ನು ಅರಿತಿದೆ. ಅವರ ಹನ್ನೆರಡು ಹೆಜ್ಜೆಗಳಲ್ಲಿ ಎಂಟನೆಯದು ತಾನು ನೋಯಿಸಿದವರ ಪಟ್ಟಿ ಮಾಡುವುದು, ಒಂಬತ್ತನೆಯದು ಅವರಿಗೆ ಮತ್ತೆ ನೋವಾಗದಂತೆ ಅದನ್ನು ಸರಿಪಡಿಸುವುದು.

ಇಲ್ಲಿ ಸಂತ ಅಗಸ್ಟೀನನ ಮಾತು ಎತ್ತದೆ ಇರಲಾರೆ. 354ರಲ್ಲಿ ಉತ್ತರ ಆಫ್ರಿಕದಲ್ಲಿ ಹುಟ್ಟಿದ ಈ ಮಹಾಪಂಡಿತ ತನ್ನ ತಾರುಣ್ಯದ ದೋಷಗಳನ್ನು ‘ಕನ್ಫೆಶನ್ಸ್’ ಎಂಬ ಗ್ರಂಥದಲ್ಲಿ ಬಿಚ್ಚಿಟ್ಟಿದ್ದಾನೆ. ಅವನ ತಾಯಿ ಮೋನಿಕಾ ಮಗನಿಗಾಗಿ ವರ್ಷಗಟ್ಟಲೆ ಅತ್ತು ಪ್ರಾರ್ಥಿಸಿ, 387ರಲ್ಲಿ ಅವನು ದೀಕ್ಷಾಸ್ನಾನ ಪಡೆದದ್ದನ್ನು ಕಂಡು, ಅದೇ ವರ್ಷ ಕಣ್ಮುಚ್ಚಿದಳು. ತಾಯಂದಿರಿಗೆ ಆಕೆ ಇಂದಿಗೂ ಮಾದರಿ. ಅದು ಸರಿಯೇ. ಆದರೆ ಆ ಗ್ರಂಥದಲ್ಲಿ ನನ್ನನ್ನು ಕಾಡುವ ಎರಡು ಸಂಗತಿಗಳಿವೆ. ಒಂದು, ಮೋನಿಕಾಳ ಗಂಡ ಮುಂಗೋಪಿ, ಪರಸ್ತ್ರೀಯರ ಸಹವಾಸದವನು. ಗಂಡಂದಿರ ಹೊಡೆತದಿಂದ ಮುಖ ಬಾತುಕೊಂಡ ನೆರೆಹೊರೆಯ ಹೆಂಗಸರು ಬಂದು ಹೇಳಿಕೊಂಡರೆ, ಮದುವೆಯಾದ ಮೇಲೆ ನಾವು ದಾಸಿಯರೆಂದು ನೆನಪಿಟ್ಟು ಎದುರಾಡದೆ ಇರಿ ಎಂದು ಆಕೆ ಬುದ್ಧಿ ಹೇಳುತ್ತಿದ್ದಳಂತೆ. ಮಗ ಇದನ್ನು ತಾಯಿಯ ಹಿರಿಮೆಯೆಂದು ಬರೆದಿದ್ದಾನೆ. ಎರಡು, ಅಗಸ್ಟೀನನ ಜೊತೆ ಸುಮಾರು ಹದಿನೈದು ವರ್ಷ ಬಾಳಿ, ಅವನಿಗೊಬ್ಬ ಮಗನನ್ನು ಹೆತ್ತುಕೊಟ್ಟ ಹೆಣ್ಣುಮಗಳಿದ್ದಳು. ಒಳ್ಳೆಯ ಮನೆಯ ಸಂಬಂಧ ಗೊತ್ತಾದಾಗ ಅವಳನ್ನು ಆಫ್ರಿಕಕ್ಕೆ ಹಿಂದಕ್ಕೆ ಕಳಿಸಲಾಯಿತು. ಇನ್ನೊಬ್ಬ ಗಂಡಸನ್ನು ಸೇರುವುದಿಲ್ಲವೆಂದು ಶಪಥ ಮಾಡಿ, ಮಗನನ್ನು ಬಿಟ್ಟು ಅವಳು ಹೋದಳು. ತನ್ನ ಎದೆ ಹರಿದು ರಕ್ತ ಸುರಿಯಿತೆಂಬಂತೆ ಅವನು ಬರೆಯುತ್ತಾನೆ. ಅವಳ ಹೆಸರನ್ನು ಮಾತ್ರ ಬರೆಯಲಿಲ್ಲ.

ಅಗಸ್ಟೀನ್ ಬದಲಾದದ್ದು ನಿಜ. ಆ ಬದಲಾವಣೆಯಿಂದ ಜಗತ್ತಿಗೆ ಬಹಳ ದೊರೆಯಿತು. ಆದರೂ ಹದಿನಾರು ಶತಮಾನ ಕಳೆದ ಮೇಲೂ ಒಬ್ಬ ಹೆಣ್ಣುಮಗಳ ಲೆಕ್ಕ ಅಲ್ಲಿ ಹಾಗೇ ಬಾಕಿ ಉಳಿದಿದೆ ಎಂದು ನನಗೆ ಅನ್ನಿಸುತ್ತದೆ. ಗಂಡಸಿನ ಮನಃಪರಿವರ್ತನೆಗೆ ಹೆಣ್ಣಿನ ಬೆನ್ನು ಏಣಿಯಾಗಬೇಕೆಂದು ಸುವಾರ್ತೆ ಎಲ್ಲೂ ಹೇಳಿಲ್ಲ. ಏಳೆಪ್ಪತ್ತು ಸಾರಿ ಕ್ಷಮಿಸು ಎಂದರೆ ಏಳೆಪ್ಪತ್ತು ಸಾರಿ ಹೊಡೆಸಿಕೋ ಎಂದರ್ಥವಲ್ಲ. ಕ್ಷಮೆ ಮನಸ್ಸಿನ ದ್ವೇಷವನ್ನು ಇಳಿಸುವುದು. ಒಂದೇ ಸೂರಿನಡಿ ಮತ್ತೆ ಬಾಳುವುದು ನಂಬಿಕೆಯ ಮಾತು, ಅದು ಬೇರೆ. ದೊಡ್ಡಮ್ಮ ದೇವತಾಶಾಸ್ತ್ರ ಓದಿದವರಲ್ಲ. ಆದರೂ ಈ ಎರಡನ್ನು ಬೇರೆಬೇರೆಯಾಗಿ ಇಟ್ಟುಕೊಂಡಿದ್ದರು. ಅವರ ಕಾಲದಲ್ಲಿ ಇರದಿದ್ದ ಕೌಟುಂಬಿಕ ಹಿಂಸೆಯ ಕಾಯ್ದೆ 2005ರಲ್ಲಿ ಬಂದಿದೆ. ಪ್ರಾರ್ಥನೆ ಮಾಡುವ ಹೆಂಗಸು ಅದರ ಆಸರೆ ಪಡೆದರೆ ಅವಳ ಭಕ್ತಿಗೇನೂ ಊನವಿಲ್ಲ.

ಹಾಗಾದರೆ ನಂಬಿಕೆ ಮಾಡುವುದೇನು? ನಾನು ಕಂಡಮಟ್ಟಿಗೆ ಎರಡು ಕೆಲಸ. ಮೊದಲನೆಯದು, ತಾನು ಮಾಡಿದ್ದನ್ನು ನೋಡುವ ಧೈರ್ಯ ಕೊಡುತ್ತದೆ. ತಪ್ಪು ಮಾಡಿದವನು ಸಾಮಾನ್ಯವಾಗಿ ಎರಡರಲ್ಲಿ ಒಂದು ಹಾದಿ ಹಿಡಿಯುತ್ತಾನೆ. ‘ನಾನೇನೂ ಮಾಡಿಲ್ಲ’ ಎಂದು ಜಗಳಕ್ಕೆ ಬರುತ್ತಾನೆ, ಇಲ್ಲವೇ ‘ನಾನು ಹಾಳಾದವನು’ ಎಂದು ಮತ್ತೆ ಕುಡಿಯುತ್ತಾನೆ. ನೀನು ಹಾಳಾದವನೇ, ಆದರೂ ಬೇಕಾದವನು ಎಂದು ಯಾರಾದರೂ ಹೇಳಿದರೆ ಮಾತ್ರ ಮೂರನೆಯ ಹಾದಿ ತೆರೆಯುತ್ತದೆ. ಎರಡನೆಯದು, ಬಿದ್ದ ಮೇಲೆ ಮತ್ತೆ ಬಂದು ಕೂರಲು ಒಂದು ಬೆಂಚು, ಜೊತೆಗೆ ನಡೆಯಲು ಒಬ್ಬ ಮನುಷ್ಯ. ದೊಡ್ಡಪ್ಪನವರನ್ನು ಉಳಿಸಿದ್ದು ಉಜ್ಜೀವನ ಕೂಟದ ಆ ರಾತ್ರಿಗಿಂತ ಹೆಚ್ಚಾಗಿ, ಸಂಬಳದ ದಿನದ ಆ ನೂರಾರು ಸಂಜೆಗಳು. ಪೌಲ ಒಳ್ಳೆಯ ಗುಣಗಳನ್ನು ಆತ್ಮದ ಫಲವೆಂದು ಕರೆದದ್ದು ಸುಮ್ಮನೆ ಅಲ್ಲ. ತೆಂಗಿನ ಸಸಿ ನೆಟ್ಟವರಿಗೆ ಗೊತ್ತು, ಫಲಕ್ಕೆ ವರ್ಷಗಳು ಬೇಕು, ನಡುವೆ ನೀರು ತಪ್ಪಬಾರದು.

ಇದು ಕ್ರೈಸ್ತರ ಗುತ್ತಿಗೆಯೆಂದು ನಾನು ಹೇಳುತ್ತಿಲ್ಲ. ಬೇಡ ವಾಲ್ಮೀಕಿಯಾದ ಕಥೆ ನಮ್ಮೆಲ್ಲರದು. ಅಂಗುಲಿಮಾಲ ಭಿಕ್ಷುವಾದ ಮೇಲೂ ಊರಿಗೆ ಭಿಕ್ಷೆಗೆ ಹೋದರೆ ಜನರ ಕಲ್ಲೇಟು ತಪ್ಪಲಿಲ್ಲ, ಸಹಿಸಿಕೋ ಎಂದ ಬುದ್ಧ. ಬದಲಾದವನು ಊರವರ ನೆನಪನ್ನು ಬೈಯುವ ಹಾಗಿಲ್ಲ ಎಂಬುದನ್ನು ಅಲ್ಲೂ ಬಲ್ಲರು. ನಾನು ಬಲ್ಲ ಮನೆಯ ಮಾತನ್ನಷ್ಟೇ ನಾನು ಹೇಳುತ್ತಿದ್ದೇನೆ.

ನಿಮ್ಮ ಮನೆಯಲ್ಲೋ ನೆರೆಯಲ್ಲೋ ಯಾರಾದರೂ ‘ನಾನು ಬದಲಾಗಿದ್ದೇನೆ’ ಎಂದು ಬಂದರೆ ಬಾಗಿಲು ಹಾಕಬೇಡಿ. ಆದರೆ ಕೂಡಲೇ ಬೀಗದ ಕೈಯನ್ನೂ ಒಪ್ಪಿಸಬೇಡಿ. ಅವನು ಎಷ್ಟು ಅತ್ತ ಎನ್ನುವುದಕ್ಕಿಂತ ಯಾರನ್ನು ಅಳಿಸಿದ್ದನೋ ಅವರ ಬಳಿಗೆ ಹೋದನೇ ಎಂದು ಕೇಳಿ. ನಿಮ್ಮ ಕ್ಷಮೆ ತನ್ನ ಹಕ್ಕೆಂದು ಬರುತ್ತಿದ್ದಾನೆಯೋ, ಸಾಲವೆಂದು ಬರುತ್ತಿದ್ದಾನೆಯೋ ನೋಡಿ. ಈ ತಿಂಗಳು ನೋಡಿ, ಮುಂದಿನ ತಿಂಗಳೂ ನೋಡಿ. ಹೀಗೆ ಕಾಯುವುದು ಅಪನಂಬಿಕೆಯಲ್ಲ. ಬದಲಾವಣೆ ನಿಜವಾದದ್ದೇ ಆಗಿದ್ದರೆ ಅದಕ್ಕೆ ಅವಸರವಿರುವುದಿಲ್ಲ.